ಕುರ್ಚಿಯ ಅಡಿಯ ಸಾಲು

ಬಡಗಿಯ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಅವನ ಅಪ್ಪ ಶುರು ಮಾಡಿದ್ದು. ಯಾವ ಕುರ್ಚಿಯೇ ಆಗಲಿ, ಅಂಗಡಿ ಬಿಡುವ ಮೊದಲು ಅದನ್ನು ಬೋರಲು ಹಾಕಿ, ಕೂರುವ ಹಲಗೆಯ ಅಡಿಯಲ್ಲಿ ಪೆನ್ಸಿಲ್ಲಿನಿಂದ ‘ಯೇಸುವೇ ಅರಸ’ ಎಂದು ಬರೆಯಬೇಕು. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ಬಡಗಿಯ ಹೆಂಡತಿಯ ಪಾಲಿಗೆ ಬಂತು. ಬಡಗಿಯ ಅಕ್ಷರ ಕೋಳಿ ಕೆದರಿದ ಹಾಗಿತ್ತು. ಅರಸನಿಗೆ ಇದು ಮರ್ಯಾದೆಯಲ್ಲ ಎಂದು ಅವಳೇ ಪೆನ್ಸಿಲ್ ಕಿತ್ತುಕೊಂಡಿದ್ದಳು.

ಈ ಸಲ ಕುರ್ಚಿ ಮಾಡಿಸುತ್ತಿದ್ದವನು ಪುರಸಭೆಯ ಅಧ್ಯಕ್ಷ. ಎದುರಾಡಿದವರ ಅಂಗಡಿಗೆ ಬುಲ್ಡೋಜರ್ ನುಗ್ಗಿಸುವುದರಲ್ಲಿ ಎತ್ತಿದ ಕೈ. "ಕುರ್ಚಿ ಒಪ್ಪಿಗೆಯಾದ್ರೆ ನಿನ್ನ ಅಂಗಡಿ ಶೆಡ್ಡು ಉಳಿಯುತ್ತೆ, ಇಲ್ಲಾಂದ್ರೆ ರಸ್ತೆ ಅಗಲ ಮಾಡೋಕೆ ಹೋಗುತ್ತೆ," ಎಂದಿದ್ದ.

"ಇದಕ್ಕೆ ಮಾತ್ರ ಬರೀಬೇಡ ಕಣೇ," ಎಂದ ಬಡಗಿ, ಉಪ್ಪುಕಾಗದ ತಿಕ್ಕುತ್ತಿದ್ದ ಹೆಂಡತಿಗೆ.

"ಯಾಕ್ರೀ? ಊರಿಗೆಲ್ಲ ಹುಲಿ ಥರ ಗುರ್ ಅಂತೀರ..."

"ನಾನೇನು ಹೆದರಿಲ್ಲ!"

"ಮತ್ತೆ ಕೈ ಯಾಕೆ ನಡುಗ್ತಿದೆ?"

"ನಿನ್ನ ಬಾಯಿಗೆ ಹೆದರಿ," ಎಂದು ಗರಗಸ ಎತ್ತಿಕೊಂಡ. ಅವಳು ನಕ್ಕು ಮತ್ತೆ ತಿಕ್ಕತೊಡಗಿದಳು.

ಶನಿವಾರ ಅಧ್ಯಕ್ಷ ಬಂದು ಕುರ್ಚಿಯಲ್ಲಿ ಮೈ ಬಿಟ್ಟು ಕೂತ. ಕುರ್ಚಿ ಟಕ್ಕೆಂದು ಎಡಕ್ಕೆ ವಾಲಿತು. ಮೂವತ್ತು ವರ್ಷದಲ್ಲಿ ಬಡಗಿ ಒಂದು ಕಾಲನ್ನೂ ಗಿಡ್ಡ ಕೊಯ್ದವನಲ್ಲ. ನಡುಗುವ ಕೈ ಮಾಡಿದ ಕೆಲಸ! "ಒಂದ್ನಿಮಿಷ ಸಾಹೇಬ್ರೇ, ಈಗಲೇ ಸರಿ ಮಾಡ್ತೀನಿ," ಎಂದು ಬೆವರು ಒರೆಸಿಕೊಂಡು ಕುರ್ಚಿಯನ್ನು ಬೋರಲು ಹಾಕಿದ.

ಸಾಲು ಅಲ್ಲಿತ್ತು. ಹೆಂಡತಿಯ ದುಂಡು ಅಕ್ಷರ, ಎಂದಿಗಿಂತ ದೊಡ್ಡದಾಗಿ.

"ಏನಯ್ಯಾ ಇದು? ನನ್ನ ಕುರ್ಚಿಗೆ ಬೇರೆ ಅರಸನಾ? ಅಳಿಸು!"

ಉಪ್ಪುಕಾಗದ ಕೈಗೆಟಕುವಲ್ಲೇ ಇತ್ತು. ಎರಡು ಸಲ ತಿಕ್ಕಿದ್ದರೆ ಶೆಡ್ಡು ಉಳಿಯುತ್ತಿತ್ತು. ಬಡಗಿ ಹೆಂಡತಿಯನ್ನು ನೋಡಿದ. ಅವಳ ಮುಖ ಬಿಳುಚಿತ್ತು, ಆದರೂ ಕಣ್ಣು ತಗ್ಗಿಸಿರಲಿಲ್ಲ. ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟು ಬಂದದ್ದೇ ತಡ, ಕೈಯ ನಡುಕ ನಿಂತಿತು.

"ಅಳಿಸಲ್ಲ ಸಾಹೇಬ್ರೇ. ಪೊಲೀಸ್ ಠಾಣೆ ಕುರ್ಚಿ, ಕೋರ್ಟಿನ ಕುರ್ಚಿ, ಪುರಸಭೇಲಿ ನೀವು ದಿನಾ ಕೂರೋ ಕುರ್ಚಿ, ಎಲ್ಲಾ ನಮ್ಮಪ್ಪ ಮಾಡಿದ್ದು. ಹೋಗಿ ಬಗ್ಗಿ ನೋಡಿ. ಇಷ್ಟು ವರ್ಷ ಆ ಸಾಲೇ ನಿಮ್ಮನ್ನ ಹೊತ್ತಿರೋದು. ನಿಮಗಿಂತ ಮುಂಚೆ ನಾಲ್ಕು ಜನ ಕೂತು ಎದ್ದು ಹೋದ್ರು. ಆ ಅರಸ ಮಾತ್ರ ಕದಲಿಲ್ಲ."

ಅಧ್ಯಕ್ಷ ಕೆಂಡವಾದ. "ಸೋಮವಾರ ಬುಲ್ಡೋಜರ್ ಬರುತ್ತೆ," ಎಂದು ದಡದಡ ನಡೆದ. ಕಾರು ಹತ್ತುವಾಗ ಮಾತ್ರ ಸೀಟಿನ ಅಡಿಯನ್ನು ಒಮ್ಮೆ ಇಣುಕಿ ನೋಡಿಯೇ ಕೂತ.

"ಬೇಡ ಅಂದಿದ್ನಲ್ಲೇ!" ಎಂದ ಬಡಗಿ.

"ಹೆದರಿದೀರಿ ಅಂತ ಗೊತ್ತಾಯ್ತು. ಅದಕ್ಕೇ ದೊಡ್ಡದಾಗಿ ಬರೆದೆ."

"ಶೆಡ್ಡು ಹೋಗುತ್ತಲ್ಲೇ."

"ಹೋಗ್ಲಿ, ಮನೆ ಅಂಗಳದಲ್ಲಿ ಮಾಡೋಣ. ಕೊನೆಗೆ ಎಲ್ಲಾ ಆ ಅರಸನ ಕೈಗೇ ತಾನೇ ಬರೋದು? ಶೆಡ್ಡು, ಬುಲ್ಡೋಜರ್ರು, ಆ ಪುಣ್ಯಾತ್ಮನೂ," ಎಂದಳು.

ಬಡಗಿ ಗರಗಸ ತೆಗೆದು ಕುರ್ಚಿಯ ನಾಲ್ಕೂ ಕಾಲನ್ನು ಸಮ ಮಾಡಿ, ಮತ್ತೆ ಅರ್ಧ ಗೇಣು ಕೊಯ್ದ.

"ಬಾರೇ ಕುಳ್ಳಿ, ಕೂತ್ಕೋ."

ಅವಳು ಕೂತಳು. ಕುರ್ಚಿ ಅಲ್ಲಾಡಲಿಲ್ಲ. ಈ ಅಂಗಡಿಯ ಕುರ್ಚಿಯೊಂದರಲ್ಲಿ ಅವಳ ಪಾದ ನೆಲ ಮುಟ್ಟಿದ್ದು ಅದೇ ಮೊದಲು.

"ಏಳು ಇನ್ನು, ಸಾಮಾನು ಸಾಗಿಸ್ಬೇಕು," ಎಂದ ಅವನು, ಗೋಡೆಯಿಂದ ಉಳಿಗಳನ್ನು ಒಂದೊಂದಾಗಿ ಇಳಿಸುತ್ತ.

"ಇರ್ರೀ, ಇನ್ನೊಂದು ನಿಮಿಷ."