ಬೆಟ್ಟದ ಆಚೆ ಮಗ್ಗುಲು

"ಬರೋ ಬೇಸಿಗೆಗೆ ನಿನ್ನ ತವರಿಗೆ ಕರ್ಕೊಂಡು ಹೋಗ್ತೀನಿ, ಖಂಡಿತ" ಎಂದು ಮದುವೆಯ ಹೊಸತರಲ್ಲಿ ಅವನು ಹೆಂಡತಿಗೆ ಮಾತು ಕೊಟ್ಟಿದ್ದ. ಆಗ ಅದೇನು ದೊಡ್ಡ ಮಾತಾಗಿರಲಿಲ್ಲ. ಮೂರು ದೇಶಗಳ ಉದ್ದಕ್ಕೂ ಮೈಚಾಚಿ ಮಲಗಿದ್ದ ಪರ್ವತಸಾಲಿನ ಈಚೆ ಮಗ್ಗುಲಲ್ಲಿ ಇವನೂರು, ಆಚೆ ಮಗ್ಗುಲಲ್ಲಿ, ಬೇರೆ ದೇಶದಲ್ಲಿ, ಅವಳೂರು. ನಡುವೆ ಒಂದು ಕಣಿವೆದಾರಿ. ಬೆಳಿಗ್ಗೆ ಹೊರಟವರು ಕತ್ತಲಾಗುವುದರೊಳಗೆ ಆಚೆ ಇಳಿಯುತ್ತಿದ್ದರು.

ಆದರೆ ಅವನದು ಶಾಲೆಗಳಿಗೆ ಪ್ಲಾಸ್ಟರಿನ ಉಬ್ಬುನಕ್ಷೆ ಮಾಡಿಕೊಡುವ ಕಸುಬು. ಬೇಸಿಗೆ ಬಂತೆಂದರೆ ಶಾಲೆ ತೆರೆಯುವ ಮೊದಲು ಮುಗಿಸಬೇಕಾದ ಕೆಲಸ ಕುತ್ತಿಗೆಗೆ ಬರುತ್ತಿತ್ತು. "ಇದೊಂದು ಸೀಸನ್ ಮುಗೀಲಿ ಕಣೇ" ಅನ್ನುತ್ತಿದ್ದ. ಸೀಸನ್ ಮುಗಿಯುವ ಹೊತ್ತಿಗೆ ಕಣಿವೆಯಲ್ಲಿ ಹಿಮ ಬಿದ್ದಿರುತ್ತಿತ್ತು. ಮಗಳು ಹುಟ್ಟಿದಳು, ನಡೆದಳು, ಶಾಲೆಗೆ ಹೋದಳು. ಒಂದು ಬೇಸಿಗೆ ಕಣಿವೆಗೆ ಅಡ್ಡಲಾಗಿ ತಂತಿಬೇಲಿ ಬಂತು, ದಾರಿ ಮುಚ್ಚಿತು. ಅಷ್ಟೆ. ಮೂರನೆಯ ದೇಶದ ಮೂಲಕ ಸುತ್ತುಹಾಕಿಕೊಂಡು ಹೋಗಬಹುದಿತ್ತು. ಅದು ಗಟ್ಟಿಮುಟ್ಟಾದವರ ದಾರಿ. ಅವಳು ಅಷ್ಟರಲ್ಲಿ ಕೆಮ್ಮಲು ಶುರುಮಾಡಿದ್ದಳು.

ಈಗ ಅವಳು ಹಾಸಿಗೆ ಹಿಡಿದಿದ್ದಳು, ಕಣ್ಣೂ ಮಂಜು. ಹಟಮಾಡಿ ಮಂಚವನ್ನು ಅವನ ಕೆಲಸದ ಕೋಣೆಗೇ ಹಾಕಿಸಿಕೊಂಡಿದ್ದಳು. "ನಿಮ್ಮ ಮುಖ ಕಾಣದಿದ್ರೂ ನಿಮ್ಮ ಗರಗಸದ ಸದ್ದಾದ್ರೂ ಕೇಳ್ಲಿ. ಎರಡರಲ್ಲಿ ಅದೇ ವಾಸಿ."

ಅವನ ಬೆಟ್ಟಗಳೆಲ್ಲ ಗಡಿಗೆ ಬಂದು, ಕತ್ತರಿಸಿಟ್ಟ ಬ್ರೆಡ್ಡಿನ ಹಾಗೆ ನಿಂತುಬಿಡುತ್ತಿದ್ದವು. ಶಾಲೆಯವರು ಕೇಳುತ್ತಿದ್ದದ್ದೇ ಹಾಗೆ. ಗಡಿಯಾಚೆ ಬರೀ ಹಲಗೆ. ಈ ಸಲ ಮಾತ್ರ ಯಾರೂ ಕೇಳದೆ, ಅಗಲದ ಹಲಗೆಯ ಮೇಲೆ ಅವನು ಬೆಟ್ಟದ ಆಚೆ ಇಳಿಜಾರನ್ನೂ ಕೂರಿಸಿದ. ತಂದು ಮಂಚದ ಮೇಲಿಟ್ಟು ಅವಳ ಕೈಯನ್ನು ಶಿಖರದ ಮೇಲಿಟ್ಟ.

"ಇದು ಗೂನಮಾವ" ಎಂದಳು. ಈಚೆಯವರು ಆ ಬಾಗಿದ ಶಿಖರವನ್ನು ಕರೆಯುತ್ತಿದ್ದದ್ದು ಹಾಗೆ. ಬೆರಳು ಆಚೆಗಿಳಿದು ತಡಕಾಡಿತು. "ರೀ, ಇದ್ಯಾವೂರು?"

"ನಿನ್ನ ತವರು ಕಣೇ."

"ತವರಂತೆ! ಇದು ನಿಮ್ಮೂರೇ. ಮಗ್ಗುಲು ಬದಲಾಯಿಸಿ ಮಲಗಿಸಿದ್ದೀರಿ ಅಷ್ಟೆ."

ಅವನು ಪೆಚ್ಚಾದ. ನೋಡದ ಕಡೆಗೆ ನೋಡಿದ್ದನ್ನೇ ತಿರುವಿ ಅಂಟಿಸಿದ್ದು ನಿಜ.

"ನಮ್ಮ ಕಡೆಯಿಂದ ನೋಡಿದ್ರೆ ಗೂನೇ ಇಲ್ಲ" ಎಂದಳು ಅವಳು. "ನಾವು ಅದನ್ನ ಅಕ್ಕ ಅಂತೀವಿ. ಮಗೂನ ಮಡಿಲಲ್ಲಿ ಹಾಕ್ಕೊಂಡು ಬಗ್ಗಿ ನೋಡ್ತಿರೋ ಅಕ್ಕ."

"ಇಷ್ಟು ವರ್ಷ ಹೇಳಲೇ ಇಲ್ವಲ್ಲ ನೀನು?"

"ನೀವು ಕೇಳಿದ್ರಾ?"

ಅವನು ಆ ಇಳಿಜಾರನ್ನು ಕೆತ್ತಿ ತೆಗೆದು ಹಸಿ ಪ್ಲಾಸ್ಟರು ಮೆತ್ತಿದ. "ಎಲ್ಲಿ, ತೋರಿಸು. ಬೇಗ, ಗಟ್ಟಿಯಾಗಿಬಿಡುತ್ತೆ." ಅವಳು ಶಿಖರದಿಂದ ಬೆರಳು ಜಾರಿಸಿಕೊಂಡು ಬಂದು ಒಂದೆಡೆ ಹೆಬ್ಬೆರಳನ್ನು ಒತ್ತಿದಳು. "ಇದು ಮಡಿಲು. ನಮ್ಮನೆ ಇಲ್ಲಿ." ಒತ್ತಿದ ಬೆರಳನ್ನು ತುಂಬ ಹೊತ್ತು ತೆಗೆಯಲೇ ಇಲ್ಲ.

ಒದ್ದೆ ಬಟ್ಟೆಯಿಂದ ಅವನು ಅವಳ ಕೈ ಒರೆಸುತ್ತಿದ್ದಾಗ ಹೇಳಿದಳು: "ಇದನ್ನೇ ಕರ್ಕೊಂಡು ಹೋದ ಹಾಗಾಯ್ತು ಅಂದ್ಕೊಂಡು ಸಮಾಧಾನ ಮಾಡ್ಕೋಬೇಡಿ, ಮತ್ತೆ." ಹೇಳಿ ನಕ್ಕಳು, ನಗು ಕೆಮ್ಮಾಯಿತು. ಅವನು ಅವಳ ಉಗುರುಸಂದಿಯ ಪ್ಲಾಸ್ಟರನ್ನು ಒರೆಸುತ್ತಲೇ ಇದ್ದ.

ಪ್ಲಾಸ್ಟರು ಒಳಗಿನ ತೇವವೆಲ್ಲ ಆರಿ ಬಿಳುಪಾಗುವ ಮೊದಲೇ ಅವಳು ಹೋದಳು.

ಸಾವಿಗೆ ಬಂದವರೆಲ್ಲ ಹಿಂತಿರುಗಿದ ಮೇಲೆ ಅವನು ಬಣ್ಣದ ಡಬ್ಬಿಗಳನ್ನು ತೆರೆದ. ಬಯಲಿಗೆ ಹಸಿರು, ಏರಿಗೆ ಕಂದು. ಈಚೆ ಮಗ್ಗುಲನ್ನು ಶಿಖರದವರೆಗೂ ಮುಗಿಸಿ ಕುಂಚ ಹಿಡಿದುಕೊಂಡೇ ಕೂತ. ಮಗಳು ಬಾಗಿಲಲ್ಲಿ ನಿಂತು ನೋಡಿದಳು.

"ಆಚೆಗೆ ಯಾವ ಬಣ್ಣ, ಅಪ್ಪಾ?"

"ಗೊತ್ತಿಲ್ಲಮ್ಮ."

ಹೆಬ್ಬೆರಳಿನ ಗುಳಿಯಲ್ಲಿ ಆಗಲೇ ಗರಗಸದ ಪುಡಿ ಕೂತಿತ್ತು. ಅವನು ಬಗ್ಗಿ, ಮೆಲ್ಲಗೆ ಊದಿದ. ಗೆರೆಗಳು ಕಂಡವು.

ಅವಳನ್ನು ಅವನು ತವರಿಗೆ ಕರೆದುಕೊಂಡು ಹೋಗಲಿಲ್ಲ.