ತುಂಬಿದ ಉಡಿಯ ಲೆಕ್ಕ

ಊರಿನ ನಾಡಿ ತನ್ನ ಬೆರಳ ತುದಿಯಲ್ಲೇ ಇದೆ ಎಂದು ಹಾಲೇಶಪ್ಪನ ನಂಬಿಕೆ. ಯಾವ ಮನೆ ಯಾವ ಪಕ್ಷದ ಕಡೆ ವಾಲಿದೆ, ಯಾವ ಮನೆಯಲ್ಲಿ ಅಣ್ಣ ಒಂದು ಕಡೆ ತಮ್ಮ ಒಂದು ಕಡೆ ಎನ್ನುವುದನ್ನೆಲ್ಲ ಹಡಗಲಿ ಬಸ್ಸಿಗೆ ಕಾಯುತ್ತ ನಿಂತವರಿಗೆ ಪುಕ್ಕಟೆ ಹೇಳುತ್ತಿದ್ದ. ಐದು ವರ್ಷ ಪಂಚಾಯ್ತಿ ಮೆಂಬರಾಗಿದ್ದವನು. ಎರಡು ಸಾವಿರದ ಇಸವಿಯ ಚುನಾವಣೆಯಲ್ಲಿ ಅವನ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಅವನೇನೂ ಕಂಗೆಡಲಿಲ್ಲ. ಹೆಂಡತಿ ಕೊಟ್ರಬಸಮ್ಮನನ್ನು ನಿಲ್ಲಿಸಿದ. ಹೆಸರು ಅವಳದು, ಕುರ್ಚಿ ತನ್ನದು. ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ? ಆದರೆ ಆ ಕುರ್ಚಿಯೊಂದು ಕೈಬಿಟ್ಟರೆ ಊರಲ್ಲಿ ತನ್ನನ್ನು ಯಾರು ಮಾತಾಡಿಸುತ್ತಾರೆ ಎಂಬ ಭಯ ಮಾತ್ರ ಅವನಿಗೆ ಒಳಗೇ ಇತ್ತು.

ಎದುರಿಗೆ ನಿಂತವಳು ನಾಗಲಿಂಗಮ್ಮ. ಗಂಡ ತೀರಿಕೊಂಡ ಮೇಲೆ ಅವರಿವರ ತೋಟದಲ್ಲಿ ಮಲ್ಲಿಗೆ ಬಿಡಿಸಿ ಬದುಕಿದವಳು. ಅವಳಿಗೆ ಜೀಪಿಲ್ಲ, ಮೈಕಿಲ್ಲ, ಹಿಂದೆ ನಿಲ್ಲಲು ಒಬ್ಬ ಗಂಡಸೂ ಇಲ್ಲ.

ಕೊಟ್ರಬಸಮ್ಮ ಮನೆಮನೆಗೆ ಓಟು ಕೇಳಲು ಹೋದಳು. ಮುತ್ತೈದೆ ಹೊಸ್ತಿಲು ತುಳಿದು ಬಂದರೆ ಬರಿಗೈಯಲ್ಲಿ ಕಳಿಸುವ ಪದ್ಧತಿ ಆ ಓಣಿಯಲ್ಲಿಲ್ಲ. ಎಲ್ಲರೂ ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಕುಬಸದ ಕಣ ಹಾಕಿ ಉಡಿ ತುಂಬಿದರು. ದಿನಾ ಸಂಜೆ ಪಡಸಾಲೆಯಲ್ಲಿ ಕಾಯಿಗಳ ರಾಶಿ ಬೀಳುತ್ತಿತ್ತು. ನಾಗಲಿಂಗಮ್ಮನೂ ಅದೇ ಮನೆಗಳಿಗೆ ಹೋಗಿದ್ದಳು. ಗಂಡನಿಲ್ಲದವಳಿಗೆ ಉಡಿ ತುಂಬುವವರು ಯಾರು? ಕೂರಿಸಿ ಒಂದು ಲೋಟ ಚಹಾ ಕೊಟ್ಟು ಕಳಿಸಿದ್ದರು.

"ನೋಡಲೇ ಓಬಣ್ಣ, ಅಕಿ ಉಡಿನೂ ಖಾಲಿ, ಓಟಿನ ಡಬ್ಬಿನೂ ಖಾಲಿ" ಎಂದು ಹಾಲೇಶಪ್ಪ ತನ್ನ ಬೆನ್ನಿಗಿದ್ದ ಓಬಣ್ಣನಿಗೆ ಹೇಳಿ ಮೀಸೆ ತಿರುವಿದ. ತೆಂಗಿನಕಾಯಿ ನೋಡಿ ಚುನಾವಣೆ ಗೆದ್ದವನನ್ನು ಆ ಸೀಮೆ ಅದೇ ಮೊದಲು ಕಂಡದ್ದು.

ಆ ಊರ ಹೆಂಗಸರು ಓಟಿಗೆ ಬರುವುದು ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮಲ್ಲಿಗೆ ಮೊಗ್ಗು ಅರಳುವುದರೊಳಗೆ ಬಿಡಿಸಬೇಕು, ಬುಟ್ಟಿ ಮೊದಲ ಬಸ್ಸು ಹತ್ತಬೇಕು, ಆಮೇಲೆ ಅಡುಗೆ, ದನ, ಬಟ್ಟೆ. ಗಂಡಸರು ಹಾಕಿ ಬಂದರೆ ಮನೆಯ ಓಟೇ ಬಿತ್ತು ಎಂದು ಲೆಕ್ಕ. ಆದರೆ ಈ ಸಲ ಓಟಿನ ದಿನ ಬೆಳಗ್ಗೆ ಹಾಲೇಶಪ್ಪ ಶಾಲೆಯ ಹತ್ತಿರ ಬಂದು ನೋಡಿದರೆ, ಬಾಗಿಲು ತೆರೆಯುವ ಮೊದಲೇ ಹೆಂಗಸರ ಸಾಲು ಬೇವಿನ ಮರ ದಾಟಿ ರಸ್ತೆಗೆ ಬಂದಿತ್ತು. ತಲೆಗೆ ನೀರು ಹಾಕಿಕೊಂಡು, ಹಬ್ಬಕ್ಕೆ ಬಂದವರಂತೆ ನಿಂತಿದ್ದರು. ತೋಟದಲ್ಲಿ ಮೊಗ್ಗು ಅರಳಿ ಹಾಳಾಗುತ್ತಿತ್ತು. ಅವನ ಸ್ವಂತ ತೋಟಕ್ಕೂ ಒಬ್ಬ ಆಳೂ ಹೋಗಿರಲಿಲ್ಲ.

"ಇವರೆಲ್ಲ ಯಾಕ ಬಂದ್ರಲೇ?"

"ಉಡಿ ತುಂಬಿದೋರು ಓಟು ಹಾಕಾಕ ಬರೂದಿಲ್ಲೇನಣ್ಣ?" ಎಂದ ಓಬಣ್ಣ.

ಸರಿ ಅನ್ನಿಸಿತು, ಆದರೆ ಪೂರ್ತಿ ಅನ್ನಿಸಲಿಲ್ಲ. ಸಾಲಿನಲ್ಲಿದ್ದವರು ಕೊಟ್ರಬಸಮ್ಮನನ್ನು ಕಂಡು ನಗುತ್ತಿದ್ದರು. ನಾಗಲಿಂಗಮ್ಮನನ್ನು ಕಂಡೂ ನಗುತ್ತಿದ್ದರು. ತಾನು ಹತ್ತಿರ ಹೋದರೆ ಮಾತ್ರ ಸೆರಗು ಸರಿಮಾಡಿಕೊಂಡು ಆಚೆ ನೋಡುತ್ತಿದ್ದರು. ನಾಡಿ ಹಿಡಿದು ಹಿಡಿದು ಅವನ ಬೆರಳಿಗೇ ಜೋಮು ಹಿಡಿದಂತಾಯಿತು.

ಹಡಗಲಿಯಲ್ಲಿ ಎಣಿಕೆ ಮುಗಿದಾಗ ನಾಗಲಿಂಗಮ್ಮ ಗೆದ್ದಿದ್ದಳು, ಅದೂ ಮರು ಎಣಿಕೆ ಕೇಳಲು ಬಾಯಿ ಬರದಷ್ಟು ಅಂತರದಿಂದ. ಹಾಲೇಶಪ್ಪನ ತಲೆ ಮೊಸರು ಗಡಿಗೆಯಾಯಿತು. ಪಕ್ಷದವರು ಕೈಕೊಟ್ಟರೇ? ಓಬಣ್ಣನೇ ಒಳಗೊಳಗೆ ಕತ್ತರಿ ಹಾಕಿದನೇ? ಬಸ್ಸಿಳಿದವನು ನೇರ ಎದುರುಮನೆ ಪುಷ್ಪಲತಾಳ ಬಾಗಿಲಿಗೆ ಹೋದ.

"ಏನವ್ವ, ನೀನು ಉಡಿ ತುಂಬಿದ್ದಿಲ್ಲೇನು?"

"ತುಂಬಿದ್ದೆ ಮಾವ. ಬಾಗಿಲಿಗೆ ಬಂದ ಮುತ್ತೈದಿನ ಹಂಗ ಕಳಸಾಕ ಬರ್ತೈತೇನು?" ಎಂದಳು ಅವಳು, ಇದರಲ್ಲಿ ಕೇಳುವುದೇನಿದೆ ಎನ್ನುವಂತೆ. "ಅದಕ್ಕೂ ಓಟಿಗೂ ಏನು ಸಂಬಂಧ?"

ಮನೆಯಲ್ಲಿ ಕೊಟ್ರಬಸಮ್ಮ ರೊಟ್ಟಿ ಬಡಿಯುತ್ತಿದ್ದಳು. ಸೋತವಳ ಮುಖ ಅವಳದಾಗಿರಲಿಲ್ಲ. ಅದನ್ನು ಕಂಡು ಅವನಿಗೆ ಇನ್ನಷ್ಟು ಉರಿಯಿತು.

"ಹಿಂದಿಲ್ಲ ಮುಂದಿಲ್ಲ, ಮನ್ಯಾಗ ಒಬ್ಬ ಗಂಡಸಿಲ್ಲ, ಅಂಥಾಕಿಗೆ ಯಾಕ ಹಾಕಿದ್ರು?"

"ಗಂಡಸಿಲ್ಲ ಅಂತನ ಹಾಕಿದ್ರು" ಎಂದಳು ಅವಳು ಹೆಂಚಿನಿಂದ ಕಣ್ಣು ತೆಗೆಯದೆ. "ಅಕಿ ಗೆದ್ರ ಅಕಿನ ಕುಂದ್ರತಾಳ. ನಾ ಗೆದ್ರ ನೀವು ಕುಂದ್ರತಿದ್ರಿ. ಪಂಚಾಯ್ತಿ ಬೋರಿನ ನೀರು ಮೊದಲು ನಮ್ಮ ಮಲ್ಲಿಗಿಗೆ ಹರದು, ಆಮ್ಯಾಲೆ ಓಣಿ ಮಂದಿ ಕೊಡಕ್ಕ ಬರೂದನ್ನ ಐದು ವರ್ಷ ನೋಡ್ಯಾರ."

"ನಿನಗ ಗೊತ್ತಿತ್ತೇನು? ಯಾಕ ಹೇಳಲಿಲ್ಲ?"

"ದಿನಾ ಸಂಜಿಗೆ ಎಷ್ಟು ಕಾಯಿ ಬಂದ್ವು ಅಂತ ಕೇಳಿದ್ರಿ. ಹೆಣ್ಮಕ್ಕಳು ಏನಂದ್ರು ಅಂತ ಒಂದು ದಿನರ ಕೇಳಿದ್ರೇನು?"

ಹಾಲೇಶಪ್ಪ ಕಂಬಕ್ಕೆ ಒರಗಿ ಕುಳಿತ. ಊರೆಲ್ಲ ಹೋದರೂ ಈ ಮನೆಯೊಳಗಿನದು ಉಳಿದಿದೆಯಲ್ಲ ಎಂದು ಅವನಿಗೆ ಹೇಗೋ ಸಮಾಧಾನ ಬೇಕಿತ್ತು.

"ಹೋಗ್ಲಿ ಬಿಡು. ನಂದೂ ನಿಂದೂ ಎರಡೇ ಓಟು ಕೆಟ್ಟವು ಅಂತ ತಿಳಕಂಡ್ರಾತು."

ಕೊಟ್ರಬಸಮ್ಮ ರೊಟ್ಟಿ ಹೊರಳಿಸಿದಳು. ಉಬ್ಬಿದ ರೊಟ್ಟಿಯನ್ನು ಬಟ್ಟೆಯಿಂದ ಒತ್ತಿದಳು.

"ನಿಮ್ಮದು ಕೆಟ್ಟಿರಬೇಕು. ನಂದು ಕೆಟ್ಟಿಲ್ರಿ."

ಅವನು ಅವಳ ಮುಖವನ್ನೇ ನೋಡಿದ. ಇಪ್ಪತ್ತು ವರ್ಷದಿಂದ ಜೊತೆಗಿದ್ದವಳು, ಯಾವ ಕಡೆಯವಳು ಎಂದು ಒಮ್ಮೆಯೂ ಎಣಿಸಿ ನೋಡಿರಲಿಲ್ಲ. ಅವಳು ಬಿಸಿ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿ, ಪಲ್ಯದ ಬೋಗುಣಿಯನ್ನು ಹತ್ತಿರ ಸರಿಸಿದಳು.

"ಉಣ್ರಿ, ಆರಿ ಹೋಗ್ತೈತಿ" ಎಂದಳು.