ಗೆಜ್ಜೆ ಅಂಗಡಿಯ ಸ್ಥಳಾಂತರ

ತನ್ನ ವೆಬ್‌ಸೈಟಿನ ಬಗ್ಗೆ ಅಶ್ಫಾಕನಿಗೆ ನಾಚಿಕೆ ಹುಟ್ಟಿದ್ದು ತುಮಕೂರಿನ ವ್ಯಾಪಾರಿಗಳ ಸಭೆಯೊಂದರಲ್ಲಿ, ಊಟದ ಹೊತ್ತಿಗೆ. ಪಕ್ಕದಲ್ಲಿ ಕೂತಿದ್ದ ಪ್ರಭುದೇವ ಅವನ ಫೋನ್ ಇಸ್ಕೊಂಡು ನೋಡಿ, "ಸಾರ್, ಇದು ವೆಬ್‌ಸೈಟಾ? ಪಂಚಾಯ್ತಿ ನೋಟಿಸ್ ಬೋರ್ಡ್ ಇದ್ದಂಗಿದೆ" ಅಂದ. ಪ್ರಭುದೇವ ಡಿಜಿಟಲ್ ಸಲಹೆಗಾರ. ಅವನ ವಿಸಿಟಿಂಗ್ ಕಾರ್ಡಿನಲ್ಲಿ ಬಿರುದುಗಳ ನಡುವೆ ಹೆಸರನ್ನು ಹುಡುಕಬೇಕಿತ್ತು. ಅಶ್ಫಾಕ್ ಬಿರಿಯಾನಿ ತಟ್ಟೆ ಪಕ್ಕಕ್ಕಿಟ್ಟು ಆ ಕಾರ್ಡನ್ನು ಜೇಬಿಗೆ ಹಾಕಿಕೊಂಡ.

ಆ ವೆಬ್‌ಸೈಟ್ ಕಟ್ಟಿದವಳು ಅವನ ಹೆಂಡತಿ ತಹಸೀನ್. ಅಶ್ಫಾಕನ ತಂದೆ ನೂರ್ ಅಹಮದ್ ಗುಬ್ಬಿಯಲ್ಲಿ ಎತ್ತಿನ ಗೆಜ್ಜೆಸರ, ಕೊರಳ ಗಂಟೆ, ಕುದುರೆ ಲಗಾಮು ಮಾಡುವವರು. ತಹಸೀನ್ ತುಮಕೂರಿನ ಮರಳೂರು ಬಡಾವಣೆಯ ಮನೆಯಲ್ಲೇ ಕೂತು ಒಂದೊಂದು ಸಾಮಾನಿನ ಫೋಟೊ ತೆಗೆದು, ಜನ ಬಾಯಲ್ಲಿ ಹೇಗೆ ಕೇಳುತ್ತಾರೋ ಹಾಗೇ ಹೆಸರು ಬರೆದು ಹಾಕಿದ್ದಳು. ಹಾಗಾಗಿ ಬೆಳ್ಳಾವಿಯವರಿರಲಿ, ಸೋಲಾಪುರದವರಿರಲಿ, ಗೂಗಲ್‌ನಲ್ಲಿ ಎತ್ತಿನ ಗೆಜ್ಜೆ ಅಂತ ಹುಡುಕಿದರೆ ಮೊದಲು ಕಾಣುತ್ತಿದ್ದುದು ಇವರ ಅಂಗಡಿ. ಇದೆಲ್ಲ ತನ್ನ ಬಿಸಿನೆಸ್ ತಲೆಯಿಂದಲೇ ಆದದ್ದು ಅಂತ ಅಶ್ಫಾಕನಿಗೆ ಖಾತ್ರಿಯಿತ್ತು.

ಮುಂದಿನ ವಾರ ಪ್ರಭುದೇವ ಮನೆಗೇ ಬಂದ. "ಹೊಸ ಪ್ಲಾಟ್‌ಫಾರ್ಮಿಗೆ ಹೋಗ್ಬುಡೋಣ ಸಾರ್. ನೀವು ಅಂಗಡಿ ಅಲ್ಲ, ಬ್ರ್ಯಾಂಡ್ ಆಗ್ಬೇಕು."

ಚಹಾ ತಂದಿಟ್ಟ ತಹಸೀನ್ ಅಲ್ಲೇ ನಿಂತಳು. "ಹಳೇ ಲಿಂಕ್‌ಗಳು ಏನಾಗ್ತವೆ? ಒಂದೊಂದನ್ನೂ ಅದರದೇ ಹೊಸ ಪೇಜಿಗೆ ಜೋಡಿಸ್ಬೇಕಲ್ವಾ? ಇಲ್ಲಾಂದ್ರೆ ಹುಡುಕ್ಕೊಂಡು ಬಂದೋರು ಎಲ್ಲಿಗೆ ಹೋಗ್ತಾರೆ?"

ಪ್ರಭುದೇವ ಅಶ್ಫಾಕನ ಕಡೆ ತಿರುಗಿ ನಕ್ಕ. "ಮೇಡಮ್ ಚೆನ್ನಾಗಿ ಓದ್ಕೊಂಡವ್ರೆ. ಗೂಗಲ್‌ಗೆ ನಾವು ದಾರಿ ಹೇಳ್ಕೊಡ್ಬೇಕಾ ಸಾರ್?"

"ನೀನು ಸುಮ್ನಿರೇ," ಅಂದ ಅಶ್ಫಾಕ್. "ಅವ್ರು ಪ್ರೊಫೆಷನಲ್ ಕಣೇ."

ಉದ್ಘಾಟನೆ ಜೋರಾಗೇ ನಡೆಯಿತು. ಲ್ಯಾಪ್‌ಟಾಪಿಗೆ ರಿಬ್ಬನ್ ಕಟ್ಟಿ ಕತ್ತರಿಸಿದರು. ಪರದೆಯ ಮೇಲೆ ಬಿಳಿ ಕುದುರೆಯೊಂದು ಸಮುದ್ರದ ದಂಡೆಯಲ್ಲಿ ಓಡಿತು. ಅಂಗಡಿಯ ಹೆಸರು ಈಗ ರಾಯಲ್ ಹೆರಿಟೇಜ್ ಎಕ್ವೈನ್ ಅಂಡ್ ಬೋವೈನ್; ಕುದುರೆ, ಎತ್ತು ಅನ್ನುವುದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದು. ಗೆಜ್ಜೆಸರ ಹೋಗಿ ಅಕೌಸ್ಟಿಕ್ ನೆಕ್‌ವೇರ್ ಆಗಿತ್ತು. ನೂರ್ ಅಹಮದ್ ಕನ್ನಡಕ ಸರಿಮಾಡಿಕೊಂಡು, "ಇದ್ರಲ್ಲಿ ನಾನು ಮಾಡಿದ್ದು ಯಾವುದಪ್ಪ?" ಅಂತ ಕೇಳಿದರು. ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಆರ್ಡರ್ ನಿಂತವು. ಆಷಾಢ ಅಲ್ವಾ ಅಂದ ಅಶ್ಫಾಕ್. ಶ್ರಾವಣ ಬಂದ ಮೇಲೆ ಮಳೆಯನ್ನು ದೂರಿದ, ಮಳೆ ಬಿಟ್ಟ ಮೇಲೆ ಟ್ರ್ಯಾಕ್ಟರುಗಳನ್ನು. ಪ್ರಭುದೇವನಿಗೆ ಫೋನ್ ಮಾಡಿದರೆ, "ಟ್ರಾಫಿಕ್, ಅಂದ್ರೆ ಸೈಟಿಗೆ ಬರೋ ಜನ, ಸೆಟಲ್ ಆಗ್ತಿದೆ ಸಾರ್" ಅನ್ನುತ್ತಿದ್ದ. ಸೆಟಲ್ ಆದದ್ದೇನೋ ನಿಜ, ಕೆರೆ ತಳದಲ್ಲಿ ಹೂಳು ಕೂತ ಹಾಗೆ.

ಕೊನೆಗೆ ಅಶ್ಫಾಕ್ ಕುಣಿಗಲ್ ಬಸ್ ಹತ್ತಿ, ಅಲ್ಲಿಂದ ಮಾರ್ಕೋನಹಳ್ಳಿಗೆ ಹೋದ. ಅಲ್ಲಿನ ಅಡವಿಯಪ್ಪ ಜೋಡಿ ಎತ್ತು ಸಾಕುವ ಶೋಕಿಯವನು, ಪ್ರತಿ ವರ್ಷ ಇವರಲ್ಲೇ ಗೆಜ್ಜೆ ತರಿಸುತ್ತಿದ್ದ ಗಿರಾಕಿ. ಈಗ ಎತ್ತುಗಳ ಕೊರಳಲ್ಲಿ ಹೊಸ ಗೆಜ್ಜೆಸರ ಇದ್ದವು. ಇವರು ಮಾಡಿದವಲ್ಲ.

"ಏನ್ಲಾ ಅಶ್ಫಾಕು, ಅಂಗ್ಡಿ ಮುಚ್ಚಿಬುಟ್ರಾ?"

"ಯಾರು ಹೇಳಿದ್ರು ಯಜಮಾನ್ರೇ?"

ಅಡವಿಯಪ್ಪ ಫೋನ್ ತೆಗೆದು ಹುಡುಕಿದ. ಇವರ ಹಳೇ ಲಿಂಕ್ ಎಲ್ಲೋ ಕೆಳಗಡೆ ಇತ್ತು. ಒತ್ತಿದ. ಪುಟ ಸಿಗುತ್ತಿಲ್ಲ ಅಂತ ಬಂತು. "ನೋಡು, ಯಾವಾಗ ಒತ್ತುದ್ರೂ ಹಿಂಗೇ ಅಂತದೆ. ನಿಮ್ಮಪ್ಪಂಗೇ ಏನಾರ ಆಯ್ತೇನೋ ಅಂದ್ಕೊಂಡೆ ಕಣಪ್ಪ. ಫೋನ್ ಮಾಡಿ ಕೇಳಾಕೂ ಮನಸ್ಸು ಬರ್ನಿಲ್ಲ. ಅದ್ರ ಮೇಲಿದ್ದ ಅಂಗ್ಡಿಲಿ ತಗಂಡೆ."

ಅಶ್ಫಾಕ್ ಅವಸರದಲ್ಲಿ ಹೊಸ ವೆಬ್‌ಸೈಟ್ ತೆರೆದು ತೋರಿಸಿದ. ಅಡವಿಯಪ್ಪ ಬಹಳ ಹೊತ್ತು ನೋಡಿ, "ಕುದ್ರೆ ಚೆನ್ನಾಗೈತೆ. ಮಾರಾಟಕ್ಕಾ?" ಅಂದ.

ತುಮಕೂರಿಗೆ ವಾಪಸ್ ಬರುವಾಗ ಅಶ್ಫಾಕ್ ಬಸ್ಸಿನಲ್ಲಿ ಉದ್ದಕ್ಕೂ ಅಭ್ಯಾಸ ಮಾಡಿದ್ದು ಒಂದೇ, ತಪ್ಪಾಯ್ತು ಅನ್ನದೆ ತಪ್ಪು ಸರಿಮಾಡಿಸಿಕೊಳ್ಳುವುದು ಹೇಗೆ ಅಂತ. ಮನೆಗೆ ಬಂದವನೇ, "ಆ ಹಳೇ ಲಿಂಕ್ ವಿಚಾರ ನಾನೂ ಮೊದಲೇ ಯೋಚ್ನೆ ಮಾಡಿದ್ದೆ" ಅಂದ.

"ಹೌದಾ?" ಅಂದಳು ತಹಸೀನ್. "ಹಂಗಾದ್ರೆ ಪಾಸ್‌ವರ್ಡ್ ಕೊಡಿ."

ಅವಳು ಒಂದೊಂದೇ ಹಳೇ ವಿಳಾಸವನ್ನು ಅದರ ಹೊಸ ಪುಟಕ್ಕೆ ಜೋಡಿಸಿದಳು. ಗೆಜ್ಜೆಸರಕ್ಕೆ ಗೆಜ್ಜೆಸರ ಅಂತಲೇ ಬರೆದಳು. ಕುದುರೆಯನ್ನು ಪರದೆಯಿಂದ ಓಡಿಸಿದಳು. ಚಳಿಗಾಲ ಕಳೆಯುವ ಹೊತ್ತಿಗೆ ಗಿರಾಕಿಗಳು ಮೆಲ್ಲಗೆ ವಾಪಸಾದರು. ಆದರೆ ಎಲ್ಲರೂ ಬರಲಿಲ್ಲ. ಕೆಲವರಿಗೆ ಅಷ್ಟರಲ್ಲಿ ಬೇರೆ ಅಂಗಡಿ ರೂಢಿಯಾಗಿತ್ತು.

ಬೇಸಿಗೆಯಲ್ಲಿ ಪ್ರಭುದೇವ ಒಂದು ಕಾರ್ಯಾಗಾರ ಇಟ್ಟುಕೊಂಡ. ಟ್ರಾಫಿಕ್ ಕಳೆದುಕೊಳ್ಳದೆ ಆನ್‌ಲೈನ್ ಅಂಗಡಿ ಬದಲಿಸುವುದು ಹೇಗೆ ಅಂತ ವಿಷಯ; ಉದಾಹರಣೆ, ಅಶ್ಫಾಕನ ಅಂಗಡಿ. ಪರದೆಯ ಮೇಲೆ ಗಿರಾಕಿಗಳ ಲೆಕ್ಕದ ಗೆರೆಯೊಂದು ಪಾತಾಳದಿಂದ ಎದ್ದು ಆಕಾಶ ಮುಟ್ಟಿತು. ಸಭೆ ಬೆರಗಾಯಿತು. ಹಿಂದಿನ ಸಾಲಿನಿಂದ ತಹಸೀನ್ ಎದ್ದಳು.

"ಈ ಗೆರೆ ಶುರುವಾಗೋಕೆ ಮುಂಚಿನ ತಿಂಗಳುಗಳೆಲ್ಲಿ?"

"ಒಳ್ಳೇ ಪ್ರಶ್ನೆ ಮೇಡಮ್. ಟೀ ಬ್ರೇಕ್ ಆದ್ಮೇಲೆ ನೋಡೋಣ," ಅಂದ ಪ್ರಭುದೇವ. ಬ್ರೇಕ್ ಆದ ಮೇಲೆ ವಿಷಯ ಬೇರೆಯಾಗಿತ್ತು.

ಆ ಬ್ರೇಕಿನಲ್ಲೇ ಗುಬ್ಬಿಯ ಎಣ್ಣೆ ಗಾಣದ ಮೂಡಲಗಿರಿಯಪ್ಪ ಅಶ್ಫಾಕನ ಕೈ ಹಿಡಿದು ಗುಟ್ಟಾಗಿ ಕೇಳಿದರು: "ನಮ್ದೂ ಶಿಫ್ಟ್ ಮಾಡ್ಸೋಣ ಅಂತ. ಈ ಪ್ರಭುದೇವ ಹೆಂಗೆ? ನಿಜ ಹೇಳಪ್ಪ."

ಅಶ್ಫಾಕ್ ಬಾಯಿ ತೆರೆದ. ಸ್ವಲ್ಪ ದೂರದಲ್ಲಿ ಇಬ್ಬರು ಅವನನ್ನು ತೋರಿಸಿ, ಇವರೇ ಆ ಗೆಜ್ಜೆ ಬ್ರ್ಯಾಂಡಿನ ಸಾರ್ ಅಂತ ಮಾತಾಡಿಕೊಳ್ಳುತ್ತಿದ್ದರು. ಅಶ್ಫಾಕ್ ಕಾಲರ್ ಸರಿಮಾಡಿಕೊಂಡ.

"ಕಣ್ಣು ಮುಚ್ಕೊಂಡು ಕೆಲ್ಸ ಕೊಡಿ," ಅಂದ.